ಒಂದು ಪಿಸ್ತೂಲು, ಮೂರು ನಳಿಗೆ

ಟೆಕ್ಸಾಸ್‌ನಲ್ಲಿ ಬಂದೂಕು ಹಿಡಿದು ಜಿಂಕೆ ಬೇಟೆಯಾಡುವ ಮುಖ್ಯ ಸೀಸನ್ ಶುರುವಾಗುವುದು ನವೆಂಬರ್‌ನಲ್ಲಿ. ಅದಕ್ಕೆ ಮೂರು ವಾರ ಮುಂಚೆ, ಒಂದು ಶನಿವಾರ, ಪಕ್ಕದ ಮನೆಯ ಅಜ್ಜ ನನ್ನನ್ನು ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋದರು. ಅವರ ಹಳೇ ಥಾಮ್ಸನ್ ಸೆಂಟರ್ ಕಂಟೆಂಡರ್ ಪಿಸ್ತೂಲನ್ನು ನನಗೆ ಮಾರುವ ಮಾತಾಗಿತ್ತು. ಜೊತೆಗೆ ಒಂದು ನಳಿಗೆ. ಯಾವುದು ಬೇಕೋ ಆರಿಸ್ಕೋ ಅಂದಿದ್ದರು.

ಕಂಟೆಂಡರ್ 1967ರಲ್ಲಿ ಬಂದದ್ದು. ಒಂದು ಸಲಕ್ಕೆ ಒಂದೇ ತೋಟಾ. ಊರಲ್ಲಿ ಹಂದಿ ಓಡಿಸಲು ಇಟ್ಟಿದ್ದ ಒಂಟಿ ನಳಿಗೆ ಕೋವಿಯ ಹಾಗೇ ಮುರಿದು, ಅಂದರೆ ಕೀಲಿನಲ್ಲಿ ಬಾಗಿಸಿ ತೆರೆದು, ತೋಟಾ ತುಂಬಬೇಕು. ಆದರೆ ಇದರ ನಳಿಗೆ ಬದಲಾಗುತ್ತದೆ! ಕಾನೂನಿನ ಲೆಕ್ಕದಲ್ಲಿ ಇಲ್ಲಿ ಫ್ರೇಮ್, ಅಂದರೆ ಟ್ರಿಗರ್ ಇರುವ ಹಿಂಭಾಗ ಮಾತ್ರ ಬಂದೂಕು. ಬರೀ ನಳಿಗೆ ತರಿಸುವುದು ಕುಕ್ಕರ್ ಗ್ಯಾಸ್ಕೆಟ್ ತರಿಸಿದಷ್ಟೇ ಸಲೀಸು.

ಅಜ್ಜ ಮೂರು ಉಣ್ಣೆಯ ಕಾಲುಚೀಲ ತೆಗೆದರು. ಒಂದೊಂದರಲ್ಲೂ ಒಂದು ನಳಿಗೆ. ಸಣ್ಣ .22 ತೋಟಾಕ್ಕೆ 10 ಇಂಚಿನದು, ಭಾರಿ .44 ಮ್ಯಾಗ್ನಮ್ ತೋಟಾಕ್ಕೆ 10 ಇಂಚಿನದು, 7-30 ವಾಟರ್ಸ್ ತೋಟಾಕ್ಕೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದ 14 ಇಂಚಿನದು. ಕೆಳಗಿನ ಮರದ ಹಿಡಿಯ ಸ್ಕ್ರೂ ಬಿಚ್ಚಿ, ಕೀಲಿನ ಪಿನ್ನನ್ನು ಒತ್ತಿ ಹೊರಗೆ ತಳ್ಳಿದರು. ನಳಿಗೆ ಕೈಗೆ ಬಂತು. ಎರಡು ನಿಮಿಷವೂ ಹಿಡಿಯಲಿಲ್ಲ. ಸ್ಕೋಪ್ ಇರುವುದು ನಳಿಗೆ ಮೇಲೆ, ಫ್ರೇಮ್ ಮೇಲಲ್ಲ. ಹಾಗಾಗಿ ಬಿಚ್ಚಿ ಹಾಕಿದರೂ ಗುರಿ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. .22ಕ್ಕೆ ಗುಂಡು ಸಿಡಿಸುವ ಪಿನ್ ತೋಟಾದ ಅಂಚಿಗೆ ಬಡಿಯಬೇಕು, ಉಳಿದವಕ್ಕೆ ನಡುವಿಗೆ. ಅದನ್ನು ಬದಲಾಯಿಸುವ ವ್ಯವಸ್ಥೆ ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯಲ್ಲೇ ಇದೆ. ಅದನ್ನು ಮರೆತರೆ ಬರೀ ಟಕ್ ಅನ್ನುತ್ತದೆ, ಅಷ್ಟೇ.

ನನ್ನ ಕಣ್ಣು .44ರ ಮೇಲೆ. ಹೆಸರೇ ಜೋರಲ್ವಾ! ಮೊದಲ ಈಡಿಗೇ ಪಿಸ್ತೂಲು ಹಣೆಯ ಮಟ್ಟಕ್ಕೆ ಎದ್ದಿತು, ಅಂಗೈ ಉರಿಯಿತು. ನಾಲ್ಕು ಹೊಡೆದೆ. ಕಾಗದಕ್ಕೆ ತಾಗಿದ್ದು ಒಂದು. ನಳಿಗೆ ಸರಿ ಇಲ್ಲ ಅಂತ ಗೊಣಗಿದೆ. ಅಜ್ಜ ಏನೂ ಹೇಳಲಿಲ್ಲ. ಪಿಸ್ತೂಲು ಮುರಿದು, ಏನೋ ಮಾಡಿ, ಮುಚ್ಚಿ ಕೊಟ್ಟರು. ಗುರಿಯಿಟ್ಟು ಟ್ರಿಗರ್ ಎಳೆದೆ.

ಟಕ್.

ಈಡಿನ ಸದ್ದಿಲ್ಲ, ಹೊಗೆಯಿಲ್ಲ. ಆದರೆ ನಳಿಗೆಯ ತುದಿ ಸೀದಾ ನೆಲಕ್ಕೆ ಬಾಗಿತ್ತು, ಎರಡೂ ಕಣ್ಣು ಮುಚ್ಚಿದ್ದವು. ಒಳಗೆ ತೋಟಾನೇ ಇರಲಿಲ್ಲ. ಹೆದರಿಕೆಗೆ ಕೈ ಮೊದಲೇ ಕೆಳಗೆ ಒತ್ತುತ್ತಿತ್ತು. ಅಜ್ಜ ಬಿದ್ದು ಬಿದ್ದು ನಕ್ಕರು. ನನಗೆ ಕಿವಿ ಬಿಸಿಯಾಯಿತು.

'.22 ತಗೋ' ಅಂದರು.

'ಇಲ್ಲಿ .22ರಲ್ಲಿ ಜಿಂಕೆ ಹೊಡೆಯೋ ಹಾಗಿಲ್ವಲ್ಲ?'

'ಈ ವರ್ಷ ನೀನು ಜಿಂಕೆ ಹೊಡೀತೀಯ ಅಂದವರ್ಯಾರು?'

ಮುಂದೆ ಬೇಟೆಗೆ ಅಂತ ಆದರೆ 7-30 ವಾಟರ್ಸ್ ಕೊಡುತ್ತೇನೆ ಅಂದರು. ಹಳೇ .30-30 ತೋಟಾದ ಕತ್ತು ಕಿರಿದು ಮಾಡಿದ್ದು ಅದು, .44ಕ್ಕಿಂತ ದೂರಕ್ಕೆ ನೇರ ಹೋಗುತ್ತದಂತೆ. .44 ಮತ್ತೆ ಕಾಲುಚೀಲ ಸೇರಿತು. ಸಂಜೆವರೆಗೆ .22ರಲ್ಲಿ ನೂರು ಈಡು ಹೊಡೆದೆ. ನಡುನಡುವೆ ಅಜ್ಜ ಹೇಳದೆ ಖಾಲಿ ಪಿಸ್ತೂಲು ಕೊಡುತ್ತಿದ್ದರು. ಕೊನೆಯ ಹತ್ತರಲ್ಲಿ ಎರಡು ಸಲ ಸಿಕ್ಕಿಬಿದ್ದೆ.