ಶಾಲ್ಮಲೆಯ ದಂಡೆಯಲ್ಲಿ ಹತ್ತು ತತ್ತಿ

ಜೂನ್ ಎರಡನೇ ವಾರ. ಮೃಗಶಿರ ಮಳೆ ಚೆನ್ನಾಗಿ ಹಿಡಿದಿತ್ತು. ಸಹಸ್ರಲಿಂಗ ನೋಡೋಣ ಅಂತ ನಾನು, ಗೆಳತಿ ಇಬ್ಬರೂ ಶಿರಸಿಯಿಂದ ಯಲ್ಲಾಪುರ ರಸ್ತೆಯಲ್ಲಿ ಸ್ಕೂಟರ್ ಹತ್ತಿ ಹೊರಟೆವು. ಹೋಗುವುದು ತಡವಾಗಿತ್ತು. ಶಾಲ್ಮಲೆ ಕೆಂಪಗೆ ಏರುತ್ತಿದ್ದಳು. ಬೇಸಿಗೆಯಲ್ಲಿ ಬಂಡೆಬಂಡೆಗೂ ಕಾಣುವ ಲಿಂಗಗಳು ಮುಕ್ಕಾಲು ಪಾಲು ಮುಳುಗಿದ್ದವು. ಒಂದು ನಂದಿಯ ಬೆನ್ನು ಮಾತ್ರ ನೀರಿನ ಮೇಲಿತ್ತು. ಸ್ವಲ್ಪ ಹೊತ್ತು ನೋಡಿ ತಿರುಗಿದೆವು.

ವಾಪಸ್ ಬರುವ ದಾರಿಯಲ್ಲಿ, ಗದ್ದೆಯ ಬದುವಿನ ಪಕ್ಕ, ಅಜ್ಜ ಒಬ್ಬರು ಹಳ್ಳದ ಬಾಯಿಗೆ ಇಟ್ಟಿದ್ದ, ಮೀನು ಹಿಡಿಯುವ ಬಿದಿರಿನ ಕೂಣಿ ಎತ್ತುತ್ತಿದ್ದರು. ಹತ್ತುಮೀನು! ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೊಟ್ಟೆ ಇಡಲು ಏರಿ ಬರುವ ಮೀನು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಇದನ್ನು ಬಿಟ್ಟು ಮುಂದೆ ಹೋಗುವುದು ಹೇಗೆ?

ಅಜ್ಜನ ಮನೆ ಅಲ್ಲೇ. ಜಗಲಿಯಲ್ಲಿ ಅಜ್ಜಿ ಮೀನು ಹೆಚ್ಚಲು ಕೂತಿದ್ದರು. ಒಂದೇ ಜಾತಿಯ ಎರಡು ಗೆಂಡೆ, ಒಂದು ಗೇಣುದ್ದ, ಇನ್ನೊಂದು ಅದರ ಅರ್ಧ. ಎರಡರ ಹೊಟ್ಟೆಯಲ್ಲೂ ಮೊಟ್ಟೆ ತುಂಬಿತ್ತು.

"ದೊಡ್ಡದರ ತತ್ತಿ ಹಲ್ಲಿಗೆ ಸಿಗ್ತದೆ ತಂಗಿ. ಸಣ್ಣದರದ್ದು ಸುಮ್ನೆ ಕರಗ್ತದೆ," ಅಂದರು ಅಜ್ಜಿ.

ಚೀಲದಿಂದ ಸ್ಕೇಲ್ ತೆಗೆದೆ. ಬಾಳೆಲೆಯ ತುಂಡಿನ ಮೇಲೆ, ಕಡ್ಡಿಯ ತುದಿಯಿಂದ, ದೊಡ್ಡದರ ಹತ್ತು ಮೊಟ್ಟೆ ಒಂದೇ ಸಾಲಿಗೆ ಜೋಡಿಸಿದೆ. ಅದರ ಕೆಳಗೆ ಸಣ್ಣದರ ಹತ್ತು. ಹಳದಿ ಸಾಸಿವೆ ಕಾಳಿನ ಹಾಗೆ ಹೊಳೆಯುತ್ತಿದ್ದವು. ಮೇಲಿನ ಸಾಲು ಒಂದು ಮೊಟ್ಟೆಯಷ್ಟು ಉದ್ದ ಬಂತು. ಎರಡೇ ಮೀನಿನಿಂದ ಏನೂ ತೀರ್ಮಾನ ಆಗುವುದಿಲ್ಲ, ನಿಜ. ಆದರೆ ಎಷ್ಟೋ ಸಿಹಿನೀರು ಮೀನುಗಳಲ್ಲಿ ಅಳೆದವರು ಕಂಡದ್ದೂ ಇದನ್ನೇ. ತಾಯಿ ದೊಡ್ಡದಾದಷ್ಟೂ ಮೊಟ್ಟೆಯ ಸಂಖ್ಯೆ ಜಾಸ್ತಿ, ಒಂದೊಂದು ಮೊಟ್ಟೆಯೂ ತುಸು ದಪ್ಪ.

ದಪ್ಪ ಮೊಟ್ಟೆ ಅಂದರೆ ಮರಿಗೆ ಕಟ್ಟಿಕೊಟ್ಟ ಬುತ್ತಿ ದೊಡ್ಡದು. ಮೊಟ್ಟೆಯಿಂದ ಹೊರಬಂದ ಮರಿಗೆ ಮೊದಲು ಆ ಭಂಡಾರವೇ ಊಟ. ಬುತ್ತಿ ಜಾಸ್ತಿ ಇದ್ದರೆ ಮರಿಯೂ ದೊಡ್ಡದು, ಹಸಿವು ತಾಳುತ್ತದೆ. ಆದರೆ ತಾಯಿಯ ಹೊಟ್ಟೆಯಲ್ಲಿ ಜಾಗ ಇರುವುದು ಇಷ್ಟೇ. ದಪ್ಪ ಮಾಡಿದರೆ ಎಣಿಕೆ ಕಡಿಮೆ, ಎಣಿಕೆ ಹೆಚ್ಚಿಸಿದರೆ ಗಾತ್ರ ಕಡಿಮೆ. ಸ್ಮಿತ್ ಮತ್ತು ಫ್ರೆಟ್‌ವೆಲ್ ಎಂಬ ಇಬ್ಬರು 1974ರಲ್ಲಿ ಈ ಲೆಕ್ಕವನ್ನು ಗಣಿತದಲ್ಲಿ ಬರೆದಿಟ್ಟರು. ನಮ್ಮ ರೋಹು ಲಕ್ಷಗಟ್ಟಲೆ ಸಣ್ಣ ಮೊಟ್ಟೆ ಇಡುತ್ತದೆ. ಕಾಳಿ ನದಿಯ ಮಹಶೀರ್ ಇಡುವುದು ಸಾವಿರಗಳ ಲೆಕ್ಕದಲ್ಲಿ, ಆದರೆ ದಪ್ಪ.

ಅಜ್ಜಿಗೆ ನಾನು ಇನ್ನೊಂದು ಮೀನಿನ ಕಥೆ ಹೇಳಿದೆ. ಆಫ್ರಿಕಾದ ಟ್ಯಾಂಗನಿಕಾ ಸರೋವರದ್ದು, ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವ ಜಾತಿ. ಬಾರ್ಬರಾ ತಬೋರ್ಸ್ಕಿ ಎಂಬ ವಿಜ್ಞಾನಿ ಕೆಲವು ಮರಿಗಳಿಗೆ ಹೊಟ್ಟೆ ತುಂಬ, ಕೆಲವಕ್ಕೆ ಅರೆಹೊಟ್ಟೆ ಆಹಾರ ಕೊಟ್ಟು ಬೆಳೆಸಿದರು. ಚಿಕ್ಕಂದಿನಲ್ಲಿ ಹಸಿದು ಬೆಳೆದವೇ ಮುಂದೆ ದಪ್ಪ ಮೊಟ್ಟೆ ಇಟ್ಟವು. 2006ರಲ್ಲಿ ಅದು ಪ್ರಕಟವಾಯಿತು. ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿತ್ತು.

ಅಜ್ಜಿ ಕತ್ತಿ ಕೆಳಗಿಟ್ಟರು. "ತಾನು ಉಪವಾಸ ಬಿದ್ದದ್ದು ಮರೆಯೋದಿಲ್ಲ ಅಲ್ವಾ ಅದು," ಅಂದರು.

ಗೇಣುದ್ದದ ಮೀನು ಎಷ್ಟು ವರ್ಷ ಬಲೆ, ಹಕ್ಕಿ, ಬೇಸಿಗೆ ದಾಟಿ ಬಂದಿತ್ತೋ. ಗದ್ದೆ ಮುಟ್ಟುವ ಮೊದಲೇ ಅಂಥದ್ದನ್ನು ಹಿಡಿದರೆ ಹೊಳೆಗೆ ಆಗುವ ನಷ್ಟ ಒಂದು ಮೀನಿನದ್ದಲ್ಲ ಅಂತ ಅಜ್ಜನಿಗೆ ಹೇಳಿದೆ. ಹೇಳುವಾಗ ಸಂಕೋಚವೂ ಆಯಿತು, ಅವರ ಮನೆಯ ಜಗಲಿಯಲ್ಲೇ ಕೂತಿದ್ದೆನಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಮೊದಲು ಮೊಳದುದ್ದದ್ದು ಬರ್ತಿತ್ತು. ಈಗ ಗೇಣುದ್ದದ್ದೇ ದೊಡ್ಡದು," ಅಂದರು.

ಹೊರಡುವಾಗ ಅವರು ಸ್ಕೇಲನ್ನು ತಿರುಗಿಸಿ ನೋಡಿದರು. "ಇದು ಇಲ್ಲೇ ಇರ್ಲಾ ತಂಗಿ? ಈ ಸಲದ ಮೀನು ಅಳೆದು ಗೋಡೆ ಮೇಲೆ ಬರೀತೆ."

ಕೊಟ್ಟು ಬಂದೆ. ಗೇಟಿನ ಹತ್ತಿರ ತಿರುಗಿ ನೋಡಿದರೆ, ಅಜ್ಜ ಇದ್ದಿಲು ಹುಡುಕುತ್ತಿದ್ದರು.