ಅಥೆನ್ಸ್‌ನ ಮ್ಯೂಸಿಯಂನಲ್ಲಿ ಒಂದು ಪೌಡರ್ ಡಬ್ಬಿ

ಅಥೆನ್ಸಿಗೆ ಹೋದವರೆಲ್ಲ ಮೊದಲು ಅಕ್ರೊಪೊಲಿಸ್ ಹತ್ತುತ್ತಾರೆ. ನಾವೂ ಹತ್ತಿದೆವು, ಬಿಸಿಲಲ್ಲಿ ಬೆಂದೆವು, ಫೋಟೋ ತೆಗೆದೆವು. ಅದರ ಬಗ್ಗೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕಿರೋದು ಅಲ್ಲಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿ ನೋಡಿದ ಒಂದು ಸಣ್ಣ ಡಬ್ಬಿಯ ಬಗ್ಗೆ.

ಗ್ರೀಕ್ ಪುರಾಣದ ರಾಜ ಅಗಾಮೆಮ್ನಾನನದು ಅಂತ ಕರೆಯುವ ಚಿನ್ನದ ಮುಖವಾಡದ ಮುಂದೆ ಜಾತ್ರೆ ಸೇರಿತ್ತು. ಈ ಡಬ್ಬಿ ಹತ್ತಿರ ನಾನು, ಅಕ್ಕ ಇಬ್ಬರೇ. ನಮ್ಮ ಕುಂಕುಮದ ಭರಣಿ ಥರ ಮುಚ್ಚಳ ಇರುವ ಮಣ್ಣಿನ ಡಬ್ಬಿ, ಗ್ರೀಕರು ಪಿಕ್ಸಿಸ್ ಅಂತಿದ್ದರು. ಕ್ರಿ.ಪೂ. 5ನೇ ಶತಮಾನದ್ದು. ಒಳಗೆ ಬಿಳಿ ಪುಡಿ ಇನ್ನೂ ಇದೆ! ಪ್ಸಿಮಿಥಿಯೋನ್. ಮುಖ ಬೆಳ್ಳಗೆ ಕಾಣಲಿ ಅಂತ ಹೆಂಗಸರು ಹಚ್ಚಿಕೊಳ್ಳುತ್ತಿದ್ದ ಸೀಸದ ಪೌಡರು. ಹೌದು, ಸೀಸವೇ. ಪಕ್ಕಾ ವಿಷ.

ಅದನ್ನು ಮಾಡುವ ಬಗೆಯನ್ನು ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಬರೆದಿಟ್ಟಿದ್ದಾನೆ. ಮಡಕೆಯಲ್ಲಿ ವಿನೆಗರ್ ಮೇಲೆ ಸೀಸದ ಗಟ್ಟಿ ಇಟ್ಟು, ಸುಮಾರು 10 ದಿನ ಬಿಟ್ಟು ತೆಗೆದು, ಮೇಲೆ ಹಿಡಿದ ಬಿಳಿ ಕಿಲುಬನ್ನು ಕೆರೆದುಕೊಂಡು, ಸೀಸ ಮುಗಿಯೋ ತನಕ ಇದನ್ನೇ ಮತ್ತೆ ಮತ್ತೆ ಮಾಡಿ, ಕೆರೆದದ್ದನ್ನು ಅರೆದು ಸೋಸಿದರೆ ಕೊನೆಗೆ ತಳದಲ್ಲಿ ನಿಲ್ಲುವುದೇ ಪೌಡರು. ಸೀಸಕ್ಕೇನೂ ಬರ ಇರಲಿಲ್ಲ. ಅಥೆನ್ಸಿನವರ ಲಾವ್ರಿಯೋನ್ ಗಣಿಯ ಅದಿರಿನಿಂದ ಬೆಳ್ಳಿ ತೆಗೆಯುವಾಗ ಸೀಸವೂ ಬರುತ್ತಿತ್ತಲ್ಲ. ಕೆನ್ನೆಯ ಕೆಂಪಿಗೆ ಆಂಖೂಸಾ ಅನ್ನೋ ಗಿಡದ ಬೇರು.

ಇದರ ಬಗ್ಗೆ ನಮಗೆ ಸಿಗೋದೆಲ್ಲ ಹೆಚ್ಚುಕಮ್ಮಿ ಗಂಡಸರು ಬರೆದದ್ದು. ಅವರಿಗೋ ಇದೆಲ್ಲ ಮೋಸ. ಸಾಕ್ರಟೀಸನ ಶಿಷ್ಯ ಕ್ಸೆನೊಫೋನ್ ಬರೆದ ಸಂಭಾಷಣೆಯೊಂದರಲ್ಲಿ ಇಸ್ಕೊಮಾಖಸ್ ಅನ್ನುವವನು ಸಾಕ್ರಟೀಸನ ಮುಂದೆ ಕೊಚ್ಚಿಕೊಳ್ಳುತ್ತಾನೆ. ಹೆಂಡತಿ ಒಮ್ಮೆ ಪೌಡರು, ಕೆಂಪು ಬಳಿದುಕೊಂಡು ಎತ್ತರದ ಚಪ್ಪಲಿ ಹಾಕಿದ್ದಳಂತೆ. ಮದುವೆಯಾದಾಗ ಅವಳಿಗಿನ್ನೂ 15 ತುಂಬಿರಲಿಲ್ಲ, ಪಾಪದ ಹುಡುಗಿ. 'ನಾನು ಖೋಟಾ ಬೆಳ್ಳಿ ತೋರಿಸಿ ನಿನ್ನನ್ನು ನಂಬಿಸಿದರೆ ಒಪ್ಪುತ್ತೀಯಾ' ಎಂದು ಕೇಳಿ ಅವಳ ಬಾಯಿ ಮುಚ್ಚಿಸಿ, ಆಮೇಲೆ ಉಪದೇಶ: ಹಿಟ್ಟು ನಾದು, ಬಟ್ಟೆ ಹಾಸಿಗೆ ಕೊಡವು, ಮೈಬಣ್ಣ ತಾನಾಗಿ ಬರುತ್ತೆ! ಅಲ್ಲೇ ಬೆಂಚಿನ ಮೇಲೆ ಕೂತು ಅಕ್ಕನಿಗೆ ಇದನ್ನು ಹೇಳಿದೆ. "ಒಲೆ ಮುಂದೆ ನಿಂತ್ರೆ ಮುಖ ಕೆಂಪಾಗದೆ ಇನ್ನೇನಾಗುತ್ತೆ, ಇವನ ತಲೆ" ಅಂದಳು.

ಬೇರೆಯವರಿಗೆ ಭಾಷಣ ಬರೆದುಕೊಡುತ್ತಿದ್ದ ಅಥೆನ್ಸಿನ ಲಿಸಿಯಾಸ್ ಬರೆದ ಕೋರ್ಟ್ ಭಾಷಣವೊಂದಿದೆ. ಹೆಂಡತಿಯ ಪ್ರಿಯಕರನನ್ನು ಕೊಂದ ಯೂಫಿಲೆಟಸ್ ತನ್ನ ಪರ ವಾದಿಸುತ್ತಾನೆ. ರಾತ್ರಿ ಬಾಗಿಲು ಸದ್ದಾಯಿತು. ಯಾಕೆಂದು ಕೇಳಿದರೆ, ಮಗುವಿನ ಹತ್ತಿರದ ದೀಪ ಆರಿತ್ತು, ಪಕ್ಕದ ಮನೆಯಲ್ಲಿ ಹಚ್ಚಿಸಿಕೊಂಡು ಬಂದೆ ಅಂದಳು. ಅವಳ ಅಣ್ಣನೋ ತಮ್ಮನೋ ಸತ್ತು 30 ದಿನ ಆಗಿರಲಿಲ್ಲ, ಆದರೂ ಅವಳ ಮುಖದಲ್ಲಿ ಪೌಡರಿದ್ದಂತೆ ಕಂಡಿತು, ಸುಮ್ನಿದ್ದೆ ಅಂತಾನೆ. ಅವಳ ಮಾತನ್ನು ಯಾರೂ ಬರೆದಿಡಲಿಲ್ಲ. ಹೆಸರು ಕೂಡ ಗೊತ್ತಿಲ್ಲ.

ಅದೇ ಮ್ಯೂಸಿಯಂನಲ್ಲಿ ಹೆಗೆಸೊಳ ಸಮಾಧಿಕಲ್ಲಿದೆ, ಕ್ರಿ.ಪೂ. 410ರ ಆಸುಪಾಸಿನದು. ಇವಳ ಹೆಸರು ಮೇಲೇ ಕೆತ್ತಿದೆ: ಹೆಗೆಸೊ, ಪ್ರೊಕ್ಸೆನೋಸನ ಮಗಳು. ಕುರ್ಚಿಯಲ್ಲಿ ಕೂತಿದ್ದಾಳೆ, ಎದುರಿಗೆ ಕೆಲಸದವಳು ಪೆಟ್ಟಿಗೆ ತೆರೆದು ಹಿಡಿದಿದ್ದಾಳೆ. ಹೆಗೆಸೊ ಬೆರಳುಗಳಲ್ಲಿ ಒಂದು ಒಡವೆ ಹಿಡಿದಿದ್ದಾಳೆ, ಆದರೆ ಒಡವೆ ಕಾಣಲ್ಲ. ಅದನ್ನು ಬಣ್ಣದಲ್ಲಿ ಬರೆದಿದ್ದರು, ಬಣ್ಣ ಹೋಗಿದೆ. ಬಟ್ಟೆಯ ನೆರಿಗೆ ಮಾತ್ರ ಎಷ್ಟು ತೆಳು ಅಂದ್ರೆ ಕಲ್ಲು ಅನ್ನೋದೇ ಮರೆತುಹೋಗುತ್ತೆ.

ಈ ಕಲ್ಲು ಮೊದಲು ನಿಂತಿದ್ದ ಕೆರಾಮಿಕೋಸ್ ಸ್ಮಶಾನಕ್ಕೆ ಮಾರನೇ ದಿನ ಹೋದೆವು. ಥಿಸಿಯೋ ಮೆಟ್ರೋ ಸ್ಟೇಷನ್ನಿಂದ ನಡೆದೇ ಹೋಗಬಹುದು. ಹುಲ್ಲಲ್ಲಿ ಆಮೆಗಳು ಓಡಾಡುತ್ತಿರುತ್ತವೆ. ಅಲ್ಲಿ ಈಗ ಇರೋದು ನಕಲು. ಆದರೂ ಹೋಗಿ, ಯಾಕಂದ್ರೆ ಇದು ದಾರಿ ಬದಿಯಲ್ಲಿ, ಹೋಗಿಬರುವ ಊರವರೆಲ್ಲ ನೋಡಲಿ ಅಂತಲೇ ನಿಲ್ಲಿಸಿದ ಕಲ್ಲು ಅನ್ನೋದು ಮ್ಯೂಸಿಯಂನಲ್ಲಿ ಹೊಳೆಯಲ್ಲ. ಸಿಂಗಾರ ಅಂದರೆ ಮೋಸ ಅಂತ ಬರೆಯುತ್ತಿದ್ದ ಊರು ತಾನೇ ಇದು. ಆದರೆ ದುಡ್ಡು ಸುರಿದು ಮನೆಮಗಳ ಕಲ್ಲು ಕೆತ್ತಿಸುವಾಗ ಅವಳ ಮುಂದೆ ಹಿಟ್ಟಿನ ಬೋಗುಣಿ ಇಡಲಿಲ್ಲ, ಒಡವೆ ಪೆಟ್ಟಿಗೆ ಇಟ್ಟರು.