ಮಫ್ತಿಯಲ್ಲಿ ಹೋದ ಪೊಲೀಸರಿಗೆ ಲವ್ ಆಗುತ್ತಾ?

ಆಗುತ್ತದೆ. ಆಗಿದೆ. ಅದರಿಂದ ಜನ ಜೈಲಿಗೂ ಹೋಗಿದ್ದಾರೆ. ಇಷ್ಟು ಉತ್ತರ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಇನ್ನು ಮುಂದೆ ಮದುವೆ ಛತ್ರದಲ್ಲಾಗಲಿ, ಕೋರ್ಟ್ ಕ್ಯಾಂಟೀನಿನಲ್ಲಾಗಲಿ ಯಾರು ಕೇಳಿದರೂ ಈ ಬರಹ ಕಳಿಸುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ನಾನು ಬೆಂಗಳೂರಿನಲ್ಲಿ ಕ್ರಿಮಿನಲ್ ವಕೀಲೆ. ನನ್ನ ಹತ್ತಿರ ಇರುವುದರಲ್ಲಿ ಎನ್‌ಡಿಪಿಎಸ್ ಕೇಸುಗಳೇ ಜಾಸ್ತಿ. ಅಂದರೆ 1985ರ ಮಾದಕ ವಸ್ತು ಕಾಯ್ದೆಯಡಿ ಹಾಕಿದ ಕೇಸುಗಳು. ಆರೋಪಿಗಳ ಪರ ವಾದಿಸುತ್ತೇನೆ. ಇದು ಗೊತ್ತಾದ ಕೂಡಲೇ ಎದುರಿಗಿದ್ದವರ ಮುಖ ಅರಳುತ್ತದೆ. ಯಾವುದೋ ವೆಬ್ ಸೀರೀಸ್ ನೋಡಿರುತ್ತಾರೆ. ವೇಷ ಬದಲಿಸಿ ಗ್ಯಾಂಗಿಗೆ ಸೇರಿದ ಆಫೀಸರ್, ಅವನ ಜೊತೆ ಗಂಡ ಹೆಂಡತಿ ನಾಟಕ ಆಡಲು ಬಂದ ಲೇಡಿ ಆಫೀಸರ್, ಇಬ್ಬರಿಗೂ ನಿಜವಾದ ಪ್ರೀತಿ, ಇಲಾಖೆಯಲ್ಲೇ ಇನ್ನೊಬ್ಬನಿಗೆ ಹೊಟ್ಟೆಕಿಚ್ಚು. "ಇದೆಲ್ಲ ನಡೆಯುತ್ತಾ ಮೇಡಂ?" ಅಂತ ಕಣ್ಣು ಮಿಟುಕಿಸುತ್ತಾರೆ. ನನಗೆ ಸಿಟ್ಟು ಬರುವುದು ಆ ಕಣ್ಣು ಮಿಟುಕಿಗೆ. ಈ ಕಥೆಗಳಲ್ಲಿ ಹತ್ತು ವರ್ಷದ ಶಿಕ್ಷೆಗಳಿವೆ, ಹಾಳಾದ ಸಂಸಾರಗಳಿವೆ.

ಕಳೆದ ವರ್ಷ ತುಮಕೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟಕ್ಕೆ ಕೂತಿದ್ದೆವು. ಪಕ್ಕದ ಎಲೆಯಲ್ಲಿದ್ದ ಭಾವ, "ಏನ್ ಲಾಯರಮ್ಮಾ, ಈ ಮಫ್ತಿ ಪೊಲೀಸ್ರು ಅವರವರೇ ಲವ್ ಮಾಡ್ಕೊಂಡ್ಬಿಟ್ರೆ ಕೇಸ್ ಏನಾಗುತ್ತೆ?" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನು ಅಮೆರಿಕದ ಟೈಲರ್ ಕೇಸ್ ಹೇಳಲು ಶುರು ಮಾಡಿದೆ. ಪ್ರೇಮದ ಭಾಗ ಮುಗಿಯುವವರೆಗೆ ಎಲ್ಲರೂ ಕಿವಿಗೊಟ್ಟರು. ಜೈಲಿಗೆ ಹೋದವರ ವಿಷಯಕ್ಕೆ ಬರುವಷ್ಟರಲ್ಲಿ ಮಜ್ಜಿಗೆ ಬಂತು, ಎಲೆ ಮಡಚಿ ಎದ್ದರು. ಭಾವನೂ ಎದ್ದರು. "ಕೇಸ್ ಏನಾಗುತ್ತೆ" ಅಂತ ಕೇಳಿದ್ದವರು ಅವರೇ. ಅಲ್ಲಿ ಅರ್ಧಕ್ಕೆ ನಿಂತ ಉತ್ತರ ಇಲ್ಲಿ ಪೂರ್ತಿ ಕೊಡುತ್ತೇನೆ.

ಟೈಲರ್ ಅನ್ನುವುದು ಟೆಕ್ಸಾಸ್ ರಾಜ್ಯದ ಒಂದು ಊರು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಪೊಲೀಸರು ಡ್ರಗ್ಸ್ ಮಾರುವವರನ್ನು ಹಿಡಿಯಲು ಇಬ್ಬರನ್ನು ಮಫ್ತಿಯಲ್ಲಿ ಬಿಟ್ಟರು. ಕ್ರೆಗ್ ಮ್ಯಾಥ್ಯೂಸ್ ಪಳಗಿದ ಆಫೀಸರ್. ಕಿಮ್ ರಾಮ್ಸೆ ಇಪ್ಪತ್ತರ ಹರೆಯದ ಹುಡುಗಿ, ಕೆಲಸಕ್ಕೆ ಹೊಸಬಳು. ಜೋಡಿಯ ಹಾಗೆ ಓಡಾಡಬೇಕು, ಮಾಲು ಕೊಳ್ಳಬೇಕು, ಕೊಟ್ಟವರ ಹೆಸರು ಬರೆದಿಡಬೇಕು. ಮಾರುವವನಿಗೆ ಅನುಮಾನ ಬಂದರೆ ಅವನ ಕಣ್ಣೆದುರಿಗೇ ಸೇವಿಸಿ ತೋರಿಸಬೇಕು. ತೋರಿಸಿದರು. ಮತ್ತೆ ಮತ್ತೆ ತೋರಿಸಿದರು. ಇಬ್ಬರೂ ಚಟಕ್ಕೆ ಬಿದ್ದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿಯೂ ಆಯಿತು.

1979ರಲ್ಲಿ ಇವರ ಮಾತಿನ ಮೇಲೆ ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಆಮೇಲೆ ಒಂದು ರಾತ್ರಿ ಇವರಿದ್ದ ಮನೆಯ ಮೇಲೆ ಗುಂಡಿನ ದಾಳಿ. ಇಬ್ಬರೂ ಬದುಕಿಕೊಂಡರು. ಊರಿಗೆಲ್ಲ ಇವರು ಹೀರೋಗಳು. ಕೆಲವು ಕಾಲದ ನಂತರ ಸತ್ಯ ಹೊರಬಂತು. ಸಾಕ್ಷ್ಯ ನಾವೇ ಹುಟ್ಟಿಸಿದ್ದೆವು, ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದ್ದೆವು ಎಂದು ಇಬ್ಬರೂ ಒಪ್ಪಿಕೊಂಡರು. ಇಬ್ಬರಿಗೂ ಜೈಲಾಯಿತು. ಅವರು ಕಟ್ಟಿದ್ದ ಹಲವು ಕೇಸುಗಳು ಬಿದ್ದುಹೋದವು. ಕಿಮ್ ಮುಂದೆ ಇದನ್ನೇ ಆಧರಿಸಿ ಕಾದಂಬರಿ ಬರೆದರು, ಅದು ಸಿನಿಮಾ ಕೂಡ ಆಯಿತು. ನಿಮಗೆ ನೆನಪಿರುವ ಅರ್ಧ ಕಥೆಗಳ ಬೇರು ಇಲ್ಲೇ ಇರಬಹುದು.

ಈಗ ನೋಡಿ. ಎಲ್ಲರೂ ಈ ಕಥೆಯಲ್ಲಿ ಪ್ರೀತಿ ನೋಡುತ್ತಾರೆ. ನಾನು ಸಾಕ್ಷಿ ಪಟ್ಟಿ ನೋಡುತ್ತೇನೆ. ಒಂದನೇ ಸಾಕ್ಷಿ ಕ್ರೆಗ್. ಎರಡನೇ ಸಾಕ್ಷಿ ಕಿಮ್. ಅವನು ಹೇಳಿದ್ದು ನಿಜವೇ ಅಂತ ಕೇಳಬೇಕಾದ್ದು ಅವಳನ್ನು. ಅವಳು ಹೇಳಿದ್ದು ನಿಜವೇ ಅಂತ ಕೇಳಬೇಕಾದ್ದು ಅವನನ್ನು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಚಟದಲ್ಲಿ, ಒಂದೇ ಭಯದಲ್ಲಿ ಇದ್ದರು. ಕೋರ್ಟಿಗೆ ಎರಡು ಸಾಕ್ಷಿ ಕಂಡಿತು. ನಿಜದಲ್ಲಿ ಇದ್ದದ್ದು ಒಂದೇ. ಮೂರನೆಯದು ಯಾವುದೂ ಇರಲಿಲ್ಲ. ಟೇಪ್ ಇಲ್ಲ, ಹೊರಗಿನ ಕಣ್ಣಿಲ್ಲ. ಆ ಹುಡುಗಿಯನ್ನು ಹೊಸದರಲ್ಲೇ ಅಲ್ಲಿಗೆ ತಳ್ಳಿದ ಮೇಲಿನವರ ಮೇಲೆ ನನಗಿರುವ ಸಿಟ್ಟು ಅವಳ ಮೇಲಿಲ್ಲ.

ಪ್ರೀತಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಇನ್ನೊಂದು ಕೇಸು ಕೇಳಿ. ರಾಬರ್ಟ್ ಮಾಜೂರ್ ಅಮೆರಿಕದ ಕಸ್ಟಮ್ಸ್ ಅಧಿಕಾರಿ. 1980ರ ದಶಕದಲ್ಲಿ ಬಾಬ್ ಮುಸೆಲ್ಲಾ ಅನ್ನುವ ಹೆಸರಿಟ್ಟುಕೊಂಡು, ಕಪ್ಪು ಹಣ ಬಿಳಿ ಮಾಡಿಕೊಡುವ ದೊಡ್ಡ ಕುಳ ಅಂತ ನಂಬಿಸಿ, ಕೊಲಂಬಿಯಾದ ಮೆಡೆಲಿನ್ ಗ್ಯಾಂಗಿನ ಹಣ ಓಡಾಡುವ ದಾರಿಗೆ ಇಳಿದರು. ಹೆಂಡತಿ ಮಕ್ಕಳು ಮನೆಯಲ್ಲಿ. ಇಲ್ಲಿ ಮಾತ್ರ ಇನ್ನೊಬ್ಬ ಮಹಿಳಾ ಅಧಿಕಾರಿ ಅವರ "ಮದುವೆಯಾಗಲಿರುವ ಹುಡುಗಿ". ಜೋಡಿ ಅಂದರೆ ಎದುರಿನವರಿಗೆ ನಂಬಿಕೆ ಬರುತ್ತದೆ, ಮನೆಗೆ ಕರೆಯುತ್ತಾರೆ, ಅವರ ಹೆಂಡಂದಿರೂ ಹತ್ತಿರವಾಗುತ್ತಾರೆ. ಕೊನೆಗೆ ಆ ಸುಳ್ಳು ಜೋಡಿಗೆ ಮದುವೆಯನ್ನೇ ಇಟ್ಟರು. ಕರೆಯೋಲೆ ಹಂಚಿದರು. 1988ರ ಅಕ್ಟೋಬರಿನಲ್ಲಿ, ಫ್ಲಾರಿಡಾದ ಟ್ಯಾಂಪಾ ಹತ್ತಿರದ ಒಂದು ಗಾಲ್ಫ್ ರೆಸಾರ್ಟಿನಲ್ಲಿ. ಬೇರೆ ದೇಶಗಳಿಂದ ಅತಿಥಿಗಳು ಬಂದಿಳಿದರು. ಮದುವೆಯ ಹಿಂದಿನ ರಾತ್ರಿ ಮದುಮಗನ ಕಡೆಯ ಪಾರ್ಟಿ ಅಂತ ಗಂಡಸರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕೈಗೆ ಕೋಳ ತೊಡಿಸಿದರು.

ಸಿಕ್ಕಿಬಿದ್ದವರಲ್ಲಿ ಬಿಸಿಸಿಐ ಬ್ಯಾಂಕಿನ ಅಧಿಕಾರಿಗಳಿದ್ದರು. ಕ್ರಿಕೆಟ್ ಮಂಡಳಿ ಅಲ್ಲ, ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್. ಪಾಕಿಸ್ತಾನದ ಆಘಾ ಹಸನ್ ಅಬೇದಿ 1972ರಲ್ಲಿ ಕಟ್ಟಿದ್ದು. ನಮ್ಮ ಬಾಂಬೆಯಲ್ಲೂ ಅದರ ಶಾಖೆ ಇತ್ತು. 1990ರಲ್ಲಿ ಬ್ಯಾಂಕು ಟ್ಯಾಂಪಾ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. 1991ರ ಜುಲೈ 5ರಂದು ಹಲವು ದೇಶಗಳು ಒಟ್ಟಿಗೆ ಅದಕ್ಕೆ ಬೀಗ ಹಾಕಿದವು.

ಅಷ್ಟು ದೊಡ್ಡ ಸುಳ್ಳಿನ ಮೇಲೆ ನಿಂತ ಕೇಸು ಯಾಕೆ ಬೀಳಲಿಲ್ಲ? ಮಾಜೂರ್ ಕೈಯಲ್ಲಿ ಹಿಡಿದು ಓಡಾಡುತ್ತಿದ್ದ ಬ್ರೀಫ್‌ಕೇಸಿನೊಳಗೆ ರೆಕಾರ್ಡರ್ ಇತ್ತು. ಬ್ಯಾಂಕಿನವರು ಏನು ಹೇಳಿದರು ಅನ್ನುವುದನ್ನು ಕೋರ್ಟು ಟೇಪಿನಲ್ಲಿ ಅವರ ದನಿಯಲ್ಲೇ ಕೇಳಿತು. ಮಾಜೂರ್ ಒಳ್ಳೆಯವರೋ ಕೆಟ್ಟವರೋ, ಆ ಮಹಿಳೆಯ ಮೇಲೆ ಮನಸ್ಸಿತ್ತೋ ಇಲ್ಲವೋ, ಯಾವುದೂ ಅಲ್ಲಿ ಮುಖ್ಯವಾಗಲಿಲ್ಲ.

ಇನ್ನು ಹೊಟ್ಟೆಕಿಚ್ಚಿನ ವಿಷಯ. ಹುಡುಗಿಗಾಗಿ ಇಬ್ಬರು ಆಫೀಸರುಗಳು ಕಿತ್ತಾಡಿದ್ದನ್ನು ನಾನು ಯಾವ ತೀರ್ಪಿನಲ್ಲೂ ಓದಿಲ್ಲ. ಕ್ರೆಡಿಟ್‌ಗಾಗಿ, ದುಡ್ಡಿಗಾಗಿ ಕಿತ್ತಾಡಿದ್ದು ಬೇಕಾದಷ್ಟಿದೆ. ಸಿಲ್ಕ್ ರೋಡ್ ಕೇಸನ್ನೇ ತೆಗೆದುಕೊಳ್ಳಿ. 2011ರಿಂದ 2013ರವರೆಗೆ ಬಿಟ್‌ಕಾಯಿನ್ ಪಡೆದು ಡ್ರಗ್ಸ್ ಮಾರುತ್ತಿದ್ದ ಜಾಲತಾಣ ಅದು. ಅದರ ಹಿಂದೆ ಬಾಲ್ಟಿಮೋರ್, ನ್ಯೂಯಾರ್ಕ್, ಶಿಕಾಗೋ ತಂಡಗಳು ತಮ್ಮ ತಮ್ಮ ದಾರಿಯಲ್ಲಿ ಓಡುತ್ತಿದ್ದವು. ಗ್ಯಾರಿ ಆಲ್ಫೋರ್ಡ್ ಎಂಬ ತೆರಿಗೆ ಇಲಾಖೆಯ ತನಿಖಾಧಿಕಾರಿ ಬರೀ ಗೂಗಲ್ ಹುಡುಕಾಟದಲ್ಲೇ ಒಡೆಯ ರಾಸ್ ಉಲ್ಬ್ರಿಕ್ಟ್ ಹೆಸರು ಹಿಡಿದಿದ್ದರು. ಉಳಿದವರು ಅವರ ಮಾತನ್ನು ತಿಂಗಳುಗಟ್ಟಲೆ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಬಾಲ್ಟಿಮೋರ್ ತಂಡದಲ್ಲಿ ಕಾರ್ಲ್ ಫೋರ್ಸ್ ಅನ್ನುವ ಡ್ರಗ್ಸ್ ನಿಗ್ರಹ ಅಧಿಕಾರಿ ಕಳ್ಳಸಾಗಣೆದಾರನ ಸೋಗಿನಲ್ಲಿ ಉಲ್ಬ್ರಿಕ್ಟ್ ಜೊತೆ ಚಾಟ್ ಮಾಡುತ್ತಿದ್ದ. ಇನ್ನೊಂದು ಕಳ್ಳ ಹೆಸರಿನಲ್ಲಿ ತನಿಖೆಯ ಗುಟ್ಟನ್ನೇ ಅವನಿಗೆ ಮಾರಿಕೊಂಡ. ಅದೇ ತಂಡದ ಸೀಕ್ರೆಟ್ ಸರ್ವಿಸ್ ಅಧಿಕಾರಿ ಶಾನ್ ಬ್ರಿಡ್ಜಸ್ ಜಾಲತಾಣದಿಂದ ಬಿಟ್‌ಕಾಯಿನ್ ಕದ್ದ. 2015ರಲ್ಲಿ ಫೋರ್ಸ್‌ಗೆ 78 ತಿಂಗಳು, ಬ್ರಿಡ್ಜಸ್‌ಗೆ 71 ತಿಂಗಳು ಶಿಕ್ಷೆಯಾಯಿತು. ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಉಲ್ಬ್ರಿಕ್ಟ್ ವಿಚಾರಣೆ ನಡೆದದ್ದೂ ಅದೇ ವರ್ಷ. ಇವರಿಬ್ಬರ ಕಳ್ಳತನದ ವಿಷಯ ಆ ಜ್ಯೂರಿಯ ಕಿವಿಗೆ ಬೀಳಲೇ ಇಲ್ಲ. ಆ ತನಿಖೆ ಇನ್ನೂ ಗುಟ್ಟಾಗಿ ನಡೆಯುತ್ತಿತ್ತು. ಜ್ಯೂರಿ ತಪ್ಪಿತಸ್ಥ ಅಂದಿತು, ನ್ಯಾಯಾಧೀಶರು ಜೀವಾವಧಿ ಕೊಟ್ಟರು. 2025ರ ಜನವರಿಯಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟು ಬಿಡಿಸಿದ್ದು ಆಮೇಲಿನ ಮಾತು.

ಲವ್ ಬೇಕು ಅನ್ನುವವರಿಗೆ ಇದರಲ್ಲೂ ಒಂದು ತುಣುಕಿದೆ. 2013ರ ಅಕ್ಟೋಬರ್ 1, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಡಾವಣೆಯ ಲೈಬ್ರರಿ. ಉಲ್ಬ್ರಿಕ್ಟ್ ಲ್ಯಾಪ್‌ಟಾಪ್ ತೆಗೆದು ಕೂತಿದ್ದ. ಅವನ ಬೆನ್ನ ಹಿಂದೆ ಒಬ್ಬ ಗಂಡಸು, ಒಬ್ಬ ಹೆಂಗಸು ಪ್ರೇಮಿಗಳಂತೆ ಜಗಳ ತೆಗೆದರು. ಅವನು ತಿರುಗಿದ. ಅಷ್ಟರಲ್ಲಿ ಲ್ಯಾಪ್‌ಟಾಪ್ ಪೊಲೀಸರ ಕೈಗೆ ಹೋಯಿತು. ಅದು ತೆರೆದೇ ಇತ್ತು, ಅವರಿಗೆ ಬೇಕಿದ್ದದ್ದೂ ಅದೇ.

ಈಗ ನಮ್ಮೂರಿಗೆ ಬರೋಣ. ನಾನು ನೋಡಿದ ಕೇಸುಗಳಲ್ಲಿ ಇಂಥ ವರ್ಷಗಟ್ಟಲೆ ನಾಟಕ ಇಲ್ಲ. ಮಫ್ತಿಯಲ್ಲಿ ಒಂದು ಗಂಟೆ ಕಾಯುತ್ತಾರೆ, ಹಿಡಿಯುತ್ತಾರೆ. ದೂರಿನ ಮೊದಲ ಸಾಲು ಹೆಚ್ಚುಕಮ್ಮಿ ಒಂದೇ: "ಬಾತ್ಮೀದಾರರಿಂದ ಖಚಿತ ಮಾಹಿತಿ ಬಂದ ಮೇರೆಗೆ". ಯಾರು ಆ ಬಾತ್ಮೀದಾರ? ಕೇಳುವ ಹಾಗಿಲ್ಲ. ಮಾಹಿತಿ ಎಲ್ಲಿಂದ ಬಂತು ಅಂತ ಅಧಿಕಾರಿಯನ್ನು ಬಲವಂತ ಮಾಡುವಂತಿಲ್ಲ ಅನ್ನುತ್ತದೆ ಕಾಯ್ದೆಯ 68ನೇ ಕಲಂ. ಮಾಲು ನಿಮ್ಮ ಬಳಿ ಸಿಕ್ಕಿತು ಅಂತಾದರೆ ಅದು ಹೇಗೆ ಬಂತು ಅನ್ನುವ ವಿವರಣೆ ಕೊಡಬೇಕಾದವರು ನೀವು. ಎಂಡಿಎಂಎ ಅನ್ನುವ ಮಾದಕ ವಸ್ತು 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಶಿಕ್ಷೆ 10ರಿಂದ 20 ವರ್ಷ. ಜಾಮೀನಿಗೆ ಬಿಗಿ ಷರತ್ತು ಹಾಕುವ 37ನೇ ಕಲಂ ದಾಟಿ ಜಾಮೀನು ಸಿಗುವುದು ಬಹಳ ಕಷ್ಟ. ದೂರು ಕೊಟ್ಟ ಅಧಿಕಾರಿಯೇ ತನಿಖೆಯನ್ನೂ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಮೋಹನ್ ಲಾಲ್ ಕೇಸಿನಲ್ಲಿ ಹೇಳಿತ್ತು. 2020ರಲ್ಲಿ ಮುಕೇಶ್ ಸಿಂಗ್ ಕೇಸಿನ ಐವರ ಪೀಠ ಅದನ್ನು ಬದಲಿಸಿತು. ಬರೀ ಅಷ್ಟಕ್ಕೇ ಆರೋಪಿಯನ್ನು ಬಿಡುವಂತಿಲ್ಲ, ಪಕ್ಷಪಾತ ಆಗಿದೆಯೇ ಅಂತ ಆಯಾ ಕೇಸಿನಲ್ಲಿ ನೋಡಬೇಕು ಎಂದಿತು.

ಹಾಗಾಗಿ ಹೊರಗಿನ ಕಣ್ಣು ಅಂತ ನಮಗೆ ಉಳಿಯುವುದು ಪಂಚರು. ಮಹಜರಿಗೆ ಸಹಿ ಹಾಕುವ ಇಬ್ಬರು ಸಾಮಾನ್ಯ ಜನ. ಒಂದು ಕೇಸಿನ ಪಂಚ ಬೀಡಾ ಅಂಗಡಿ ಇಟ್ಟುಕೊಂಡಿದ್ದವರು. ಪಾಟೀ ಸವಾಲು ನನ್ನದು.

"ತೂಕ ಹಾಕಿದ್ದನ್ನ ನೋಡಿದ್ರಾ?"

"ಸಾಹೇಬ್ರು ಇಷ್ಟು ಅಂತ ಹೇಳಿದ್ರು."

"ಪ್ಲಾಸ್ಟಿಕ್ ಕವರ್ ತೆಗೆದು ತೂಗಿದ್ರಾ, ಕವರ್ ಸಮೇತಾನಾ?"

"ಗೊತ್ತಿಲ್ಲಮ್ಮ."

"ಸಹಿ ಎಲ್ಲಿ ಹಾಕಿದ್ರಿ?"

"ಸ್ಟೇಷನ್ನಲ್ಲಿ. ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಕರ್ಕೊಂಡು ಹೋದ್ರು."

ಮಹಜರಿನಲ್ಲಿ ಬರೆದಿದ್ದು ರಸ್ತೆ ಬದಿ, ಮಧ್ಯಾಹ್ನ. ಲಕೋಟೆಯ ಅರಗಿನ ಸೀಲು ಸರಿಯಾಗಿತ್ತು, ಸಹಿಗಳೂ ಅಚ್ಚುಕಟ್ಟು. ತೂಕ 10 ಗ್ರಾಮಿನ ಮೇಲೆ ಚೂರೇ ಚೂರು. ಆ ಚೂರಿನ ಆಚೆ ಈಚೆ ಒಬ್ಬ ಹುಡುಗನ ಹತ್ತು ವರ್ಷ ನಿಂತಿತ್ತು. ಅವನು ಮಾರುತ್ತಿದ್ದನೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಮಾರಿದ್ದರೆ ಶಿಕ್ಷೆಯಾಗಲಿ. ಆದರೆ ತೂಕ ನೋಡದವರ ಸಹಿಯ ಮೇಲೆ ಆಗಬಾರದು.

"ಡ್ರಗ್ಸ್ ಮಾರೋರ ಪರ ನಿಲ್ತೀರಲ್ಲ" ಅಂತ ಬೈಯುವವರಿಗೂ ಇದೇ ಉತ್ತರ. ಈ ಪಿಡುಗು ಏನು ಮಾಡುತ್ತದೆ ಅಂತ ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ಸಿಕ್ಕ ಮಕ್ಕಳ ತಾಯಂದಿರು ನನ್ನ ಆಫೀಸಿನಲ್ಲೇ ಕೂತು ಅಳುತ್ತಾರೆ. ಮಫ್ತಿಯಲ್ಲಿ ಹೋಗುವ ಸಿಬ್ಬಂದಿಯ ಧೈರ್ಯದ ಮೇಲೂ ನನಗೆ ಗೌರವವಿದೆ. ಅವರು ಹಿಡಿದದ್ದು ನಿಲ್ಲಬೇಕಾದರೆ ಅವರ ಮಾತಿನ ಪಕ್ಕ ಇನ್ನೊಂದು ಆಧಾರ ಇರಲೇಬೇಕು.

ನನ್ನನ್ನು ಕೇಳುವುದೇ ಆದರೆ ಇದನ್ನು ಕೇಳಿ: ಮಫ್ತಿಯಲ್ಲಿ ಒಳಗೆ ಹೋದವನ ಮಾತನ್ನು ಹೊರಗೆ ಕೂತು ಸರಿನೋಡಿದ್ದು ಯಾರು? ಇದಕ್ಕೆ ಈಗ ಸ್ವಲ್ಪ ಒಳ್ಳೆಯ ಉತ್ತರವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧನೆ, ಜಪ್ತಿಯನ್ನು ಆಡಿಯೋ ವಿಡಿಯೋ ರೆಕಾರ್ಡ್ ಮಾಡಬೇಕು. ಮೊಬೈಲ್ ಆದರೂ ಸಾಕು. ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಈಗ ಹೊಸ ಕೇಸು ಬಂದರೆ ಚಾರ್ಜ್‌ಶೀಟಿನಲ್ಲಿ ನಾನು ಮೊದಲು ಹುಡುಕುವುದು ಆ ವಿಡಿಯೋ. ತಕ್ಕಡಿ ಕಾಣುತ್ತದೆಯೇ, ಕವರ್ ತೆಗೆದಿದ್ದಾರೆಯೇ, ಪಂಚರು ಅಲ್ಲಿ ನಿಂತಿದ್ದಾರೆಯೇ. ನಿಮ್ಮ ಮನೆಯ ಹುಡುಗನನ್ನು ಹಿಡಿದಿದ್ದರೆ ನಿಮ್ಮ ವಕೀಲರಿಗೂ ಮೊದಲ ದಿನವೇ ಹೇಳಿ, ಆ ವಿಡಿಯೋ ಕೇಳಲಿ.